ಡಿಪ್‌ಸ್ಟಿಕ್ ನಿಜ ಹೇಳಬೇಕಾದರೆ: ಮನೆಯಲ್ಲೇ ಎಂಜಿನ್ ಆಯಿಲ್ ಅಳೆಯುವ ಕ್ರಮ

ಹೈದರಾಬಾದಿನ ದಿಲ್‌ಸುಖ್‌ನಗರದ ಒಳರಸ್ತೆಗಳಲ್ಲಿ ಕಾರು ನಿಲ್ಲಿಸುವ ರೀತಿಯೇ ಬೇರೆ. ಗಡ್ಡಿಅನ್ನಾರಂ ಇರಲಿ, ಚೈತನ್ಯಪುರಿ ಇರಲಿ, ರಾತ್ರಿ ಹೊತ್ತು ನಡೆದು ಹೋದರೆ ಎರಡು ಚಕ್ರ ರಸ್ತೆಯಲ್ಲಿ, ಎರಡು ಚಕ್ರ ಫುಟ್‌ಪಾತಿನ ಅಂಚಿನ ಮೇಲೆ ಇಟ್ಟುಕೊಂಡು ವಾಲಿ ನಿಂತ ಕಾರುಗಳು ಸಾಲಾಗಿ ಕಾಣುತ್ತವೆ. ಜಾಗ ಕಡಿಮೆ, ಬೇರೆ ದಾರಿಯಿಲ್ಲ. ಆದರೆ ಬೆಳಿಗ್ಗೆ ಎದ್ದು ಅದೇ ಭಂಗಿಯಲ್ಲಿರುವ ಕಾರಿನ ಬಾನೆಟ್ ಎತ್ತಿ ಆಯಿಲ್ ನೋಡಿದರೆ ಸಿಗುವ ಉತ್ತರ ನಂಬಲು ಬರುವುದಿಲ್ಲ.

ಲೆಕ್ಕ ಸರಳ. ಫುಟ್‌ಪಾತಿನ ಅಂಚು 10 ಸೆಂ.ಮೀ. ಎತ್ತರ, ಎಡ–ಬಲ ಚಕ್ರಗಳ ನಡುವಿನ ಅಂತರ ಸುಮಾರು 1.5 ಮೀಟರ್ ಎಂದುಕೊಂಡರೆ ಕಾರು ಹೆಚ್ಚುಕಡಿಮೆ 4 ಡಿಗ್ರಿ ವಾಲಿರುತ್ತದೆ. ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂತಿರುವುದರಿಂದ ಅದರ ತಳದ ಆಯಿಲ್ ಚೇಂಬರಿನ ಉದ್ದವೂ ಎಡದಿಂದ ಬಲಕ್ಕೇ ಇರುತ್ತದೆ. ಚೇಂಬರ್ 40 ಸೆಂ.ಮೀ. ಉದ್ದವಿದ್ದು ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಅದರ ಒಂದು ತುದಿಗೆ ಇಳಿಯುತ್ತಿದ್ದರೆ, ಆ ಜಾಗದಲ್ಲಿ ಆಯಿಲ್ ಮಟ್ಟ ಒಂದು ಸೆಂಟಿಮೀಟರಿಗಿಂತ ಹೆಚ್ಚೇ ಏರಿರುತ್ತದೆ ಅಥವಾ ಇಳಿದಿರುತ್ತದೆ. ಡಿಪ್‌ಸ್ಟಿಕ್ ಮೇಲೆ ಕನಿಷ್ಠ ಮತ್ತು ಗರಿಷ್ಠ ಗುರುತುಗಳ ನಡುವಿನ ಅಂತರ ಬಹಳಷ್ಟು ಕಾರುಗಳಲ್ಲಿ ಎರಡು ಸೆಂಟಿಮೀಟರಿನ ಆಸುಪಾಸು. ಅಂದರೆ ಆಯಿಲ್ ಸರಿಯಾಗೇ ಇದ್ದರೂ ಕಡ್ಡಿ ಕಡಿಮೆ ಎನ್ನಬಹುದು. ಕಡಿಮೆಯಿದ್ದಾಗ ಭರ್ತಿಯಾಗಿದೆ ಎಂದೂ ತೋರಿಸಬಹುದು, ಮತ್ತು ಎಂಜಿನ್ನಿಗೆ ಈ ಎರಡನೆಯದೇ ಹೆಚ್ಚು ಅಪಾಯ.

ಡಿಪ್‌ಸ್ಟಿಕ್ ಬಲು ಪ್ರಾಮಾಣಿಕ ಉಪಕರಣ. ಅದರಲ್ಲಿ ವಿದ್ಯುತ್ ಇಲ್ಲ, ಕೆಡುವ ಭಾಗವಿಲ್ಲ. ಆದರೆ ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅಷ್ಟೇ ಕಾದು ನೋಡಿದಾಗ, ಮತ್ತು ನೋಡಿದ್ದನ್ನು ಬರೆದಿಟ್ಟಾಗ ಮಾತ್ರ ಅದರ ಮಾತಿಗೆ ಬೆಲೆ. ಒಂದು ದಿನದ ಒಂದು ಅಳತೆಯಿಂದ ತಿಳಿಯುವುದು ಸ್ವಲ್ಪ. ಆರು ತಿಂಗಳ ಅಳತೆಗಳ ಸಾಲಿನಿಂದ ಎಂಜಿನ್ನಿನ ಆರೋಗ್ಯವೇ ತಿಳಿಯುತ್ತದೆ.

ಈ ಬಡಾವಣೆಯ ಕನ್ನಡಿಗರಿಗೆ ಇದು ಇನ್ನೂ ಹತ್ತಿರದ ಸಂಗತಿ. ದಿಲ್‌ಸುಖ್‌ನಗರದ ನಡುವೆ, ಮೆಟ್ರೊ ಕಂಬಗಳ ಕೆಳಗೆ ಹಾದುಹೋಗುವ ಹೆದ್ದಾರಿ 65 ಪೂರ್ವಕ್ಕೆ ವಿಜಯವಾಡದ ಕಡೆ ಹೋದರೆ, ಊರು ದಾಟಿ ಪಶ್ಚಿಮಕ್ಕೆ ಜಹೀರಾಬಾದ್, ಹುಮನಾಬಾದ್ ಮೂಲಕ ಸೊಲ್ಲಾಪುರದತ್ತ ಹೋಗುತ್ತದೆ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬದಲಾದರೂ ನೆಂಟಸ್ತಿಕೆ ಹಾಗೇ ಉಳಿಯಿತು. ಮದುವೆ, ಜಾತ್ರೆ, ಹೊಲದ ವ್ಯವಹಾರ ಎಂದು ಬೀದರಿಗೋ ಕಲಬುರಗಿಗೋ ಒಂದೇ ಉಸಿರಿನಲ್ಲಿ ನೂರೈವತ್ತು–ಇನ್ನೂರು ಕಿಲೋಮೀಟರ್ ಓಡುವ ಕಾರು, ಉಳಿದ ದಿನ ತರಕಾರಿಗೆ, ಟ್ಯೂಷನ್ನಿಗೆ, ದವಾಖಾನೆಗೆ ಎಂದು ಎರಡೆರಡು ಕಿಲೋಮೀಟರ್ ಓಡುತ್ತದೆ. 2018ರ ಸೆಪ್ಟೆಂಬರ್ 24ರಂದು ಅಮೀರ್‌ಪೇಟೆಯಿಂದ ಎಲ್.ಬಿ. ನಗರದವರೆಗೆ ಮೆಟ್ರೊ ಓಡಲು ಶುರುವಾದ ಮೇಲೆ ಕಚೇರಿಗೆ ರೈಲು ಹಿಡಿದು ಕಾರನ್ನು ಮನೆಯಲ್ಲೇ ಬಿಡುವವರೂ ಇದ್ದಾರೆ. ವಾರಗಟ್ಟಲೆ ನಿಲ್ಲುವುದು, ಆಮೇಲೆ ಅರೆಬಿಸಿಯಲ್ಲಿ ಸ್ವಲ್ಪ ಓಡುವುದು, ಹಬ್ಬ ಬಂದಾಗ ಸುಡುಬಿಸಿಲಲ್ಲಿ ಗಂಟೆಗಟ್ಟಲೆ ಓಡುವುದು: ಆಯಿಲ್ ಮೇಲೆ ಹೆಚ್ಚು ಭಾರ ಬೀಳುವುದು ಇಂಥ ಬಳಕೆಯಲ್ಲೇ.

ಮೊದಲು ಒಂದು ತಪ್ಪು ನಂಬಿಕೆಯನ್ನು ಬಿಡಿಸಿಕೊಳ್ಳಬೇಕು. ಡ್ಯಾಶ್‌ಬೋರ್ಡಿನಲ್ಲಿ ಮೂತಿಯಿಂದ ಹನಿ ಬೀಳುತ್ತಿರುವ ಆಯಿಲ್ ಕ್ಯಾನಿನ ಕೆಂಪು ಚಿತ್ರವಿದೆಯಲ್ಲ, ಅದು ಹೊತ್ತಿಲ್ಲ ಎಂದರೆ ಆಯಿಲ್ ಸಾಕಷ್ಟಿದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಆ ಕೆಂಪು ದೀಪ ತೋರಿಸುವುದು ಆಯಿಲ್ ಒತ್ತಡವನ್ನು. ಚೇಂಬರಿನಲ್ಲಿ ಆಯಿಲ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಪಂಪಿಗೆ ಹೀರಲು ಆಯಿಲ್ ಸಿಗುವವರೆಗೆ ಒತ್ತಡ ಇದ್ದೇ ಇರುತ್ತದೆ, ಮಟ್ಟ ಕನಿಷ್ಠ ಗೆರೆಯ ಕೆಳಗೆ ಇಳಿದಿದ್ದರೂ. ದೀಪ ಹೊತ್ತಿತು ಎಂದರೆ ಪಂಪು ಗಾಳಿ ಹೀರುತ್ತಿದೆ, ಬೇರಿಂಗುಗಳಿಗೆ ಆಯಿಲ್ ಹೋಗುತ್ತಿಲ್ಲ ಎಂದರ್ಥವಾಗಬಹುದು. ಓಡಿಸುವಾಗ ಆ ದೀಪ ಹೊತ್ತಿದರೆ ಮುಂದಿನ ಬಂಕಿನವರೆಗೆ ಹೋಗೋಣ ಎನ್ನುವಂತಿಲ್ಲ. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಬೇಕು, ಆಗಲೇ. ಕೆಲವು ಹೊಸ ಕಾರುಗಳಲ್ಲಿ ಮಟ್ಟ ತೋರಿಸುವ ಹಳದಿ ದೀಪ ಬೇರೆಯೇ ಇರುತ್ತದೆ. ಇಲ್ಲದ ಕಾರಿನವರಿಗೆ ಡಿಪ್‌ಸ್ಟಿಕ್ ಬಿಟ್ಟರೆ ಮುನ್ಸೂಚನೆ ಕೊಡುವ ಇನ್ನೊಂದು ಸಾಧನವಿಲ್ಲ.

ಇನ್ನು ಜಾಗ. ಕಾರು ನಿಲ್ಲಿಸಲು ಸಮತಟ್ಟು ನೆಲ ಬೇಕು ಎಂದು ಎಲ್ಲ ಕೈಪಿಡಿಗಳೂ ಒಂದು ಸಾಲು ಬರೆದು ಮುಗಿಸುತ್ತವೆ. ಯಾವ ನೆಲ ಸಮತಟ್ಟು ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್ ನೋಡಲು ಸಪಾಟಾಗಿದ್ದರೂ ತೊಳೆದ ನೀರು ಹರಿಯಲೆಂದು ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ರಸ್ತೆಯಿಂದ ಒಳಗೆ ಬರುವ ರ‍್ಯಾಂಪಿನ ಬುಡದ ಜಾಗವಂತೂ ಬೇಡವೇ ಬೇಡ. ಮೊಬೈಲಿನ ಮಟ್ಟ ತೋರಿಸುವ ಆ್ಯಪನ್ನು ನೆಲದ ಮೇಲಿಟ್ಟು ನೋಡಿದರೆ ಆ ಒಂದು ಟೈಲಿನ ಕಥೆ ಮಾತ್ರ ತಿಳಿಯುತ್ತದೆ. ಗಾರೆ ಕೆಲಸದವರ ರಸಮಟ್ಟವೂ ಅಷ್ಟೇ, ಕಾರಿನ ಅಳತೆಗೆ ಅದು ಚಿಕ್ಕದು. ಅವರದೇ ಇನ್ನೊಂದು ಉಪಾಯ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ಒಂದು ಚಕ್ರ ನಿಲ್ಲುವ ಜಾಗದಲ್ಲಿ, ಇನ್ನೊಂದನ್ನು ಎದುರಿನ ಚಕ್ರದ ಜಾಗದಲ್ಲಿ ನೆಟ್ಟಗೆ ಹಿಡಿಯಬೇಕು. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಟೇಪು ಹಿಡಿದು ಅಳೆದರೆ ಆ ಎರಡು ಬಿಂದುಗಳ ಏರುತಗ್ಗು ಗೊತ್ತಾಗುತ್ತದೆ. ಮುಂದಿನ–ಹಿಂದಿನ ಚಕ್ರಗಳ ನಡುವೆ 4 ಸೆಂ.ಮೀ. ವ್ಯತ್ಯಾಸವಿದ್ದರೆ ಅದು ಸುಮಾರು 1 ಡಿಗ್ರಿ, ಪರವಾಗಿಲ್ಲ. ಎಡ–ಬಲದಲ್ಲಿ ಅಷ್ಟೇ ಇಳಿಜಾರು ಬರಲು ಎರಡೂವರೆ ಸೆಂಟಿಮೀಟರ್ ಸಾಕು. ಆದ್ದರಿಂದ ಆ ದಿಕ್ಕಿನಲ್ಲಿ ಹೆಚ್ಚು ಕಟ್ಟುನಿಟ್ಟಾಗಿರಬೇಕು. ಈ ಕೆಲಸ ಒಂದೇ ಸಲ ಮಾಡಿದರೆ ಸಾಕು. ಒಳ್ಳೆಯ ಜಾಗ ಸಿಕ್ಕಿದ ಮೇಲೆ ನಾಲ್ಕು ಚಕ್ರಗಳ ಬಳಿ ಸುಣ್ಣದಲ್ಲೋ ಬಣ್ಣದಲ್ಲೋ ಒಂದೊಂದು ಚುಕ್ಕೆ ಇಟ್ಟುಕೊಳ್ಳಬಹುದು.

ಅಂಥ ಜಾಗವೇ ಇಲ್ಲದವರು? ಸಣ್ಣ ಇಳಿಜಾರಿದ್ದರೆ ಒಮ್ಮೆ ಅಳೆದು, ಕಾರನ್ನು ಅದೇ ಜಾಗದಲ್ಲಿ ಮುಖ ತಿರುಗಿಸಿ ನಿಲ್ಲಿಸಿ, ಮತ್ತೆ ಅಷ್ಟೇ ಹೊತ್ತು ಕಾದು ಅಳೆದರೆ ಎರಡರ ನಡುವಿನ ಬಿಂದು ನಿಜ ಮಟ್ಟಕ್ಕೆ ಹತ್ತಿರವಿರುತ್ತದೆ. ಶ್ರಮ ಹೆಚ್ಚು, ಆದರೆ ವಾಲಿದ ಕಾರಿನಲ್ಲಿ ಕಣ್ಣಂದಾಜು ಮಾಡುವುದಕ್ಕಿಂತ ಎಷ್ಟೋ ಮೇಲು.

ಜಾಗದಷ್ಟೇ ಹೊತ್ತೂ ಮುಖ್ಯ. ಎಂಜಿನ್ ಓಡುವಾಗ ಆಯಿಲಿನ ಒಂದು ಪಾಲು ಮೇಲೆ ಕ್ಯಾಮ್‌ಶಾಫ್ಟ್, ವಾಲ್ವುಗಳ ಸುತ್ತ ಮತ್ತು ಒಳದಾರಿಗಳಲ್ಲಿ ಇರುತ್ತದೆ. ಆರಿಸಿದ ಮೇಲೆ ನಿಧಾನವಾಗಿ ಚೇಂಬರಿಗೆ ಇಳಿಯುತ್ತದೆ. ಅದು ಇಳಿಯುವವರೆಗೆ ಕಾಯಬೇಕು. ಎಷ್ಟು ಎಂಬುದರಲ್ಲಿ ಕಂಪನಿಗಳಿಗೇ ಒಮ್ಮತವಿಲ್ಲ. ಬಿಸಿಯಾದ ಎಂಜಿನ್ ಆರಿಸಿ ಸುಮಾರು 3 ನಿಮಿಷ ಕಾಯಲು ಹೋಂಡಾ ಕೈಪಿಡಿಗಳು ಹೇಳುತ್ತವೆ, 5 ನಿಮಿಷಕ್ಕಿಂತ ಹೆಚ್ಚು ಎಂದು ಟೊಯೋಟಾ ಹೇಳುತ್ತದೆ. ಗೊಂದಲ ಬೇಡ. ನಿಮ್ಮ ಕಾರಿನ ಕೈಪಿಡಿ ಏನು ಹೇಳಿದೆಯೋ ಅದೇ ಕೊನೆಯ ಮಾತು. ಆ ಡಿಪ್‌ಸ್ಟಿಕ್ಕಿನ ಗೆರೆಗಳನ್ನು ಎಳೆದದ್ದು ಆ ಷರತ್ತಿನ ಮೇಲೆ.

ಬೆಳಿಗ್ಗೆ ಎದ್ದು ತಣ್ಣಗಿರುವ ಎಂಜಿನ್ನಿನಲ್ಲಿ ನೋಡುವುದು ತಪ್ಪೇ ಎಂದು ಕೇಳುವವರಿದ್ದಾರೆ. ತಪ್ಪಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಇಳಿಯಬೇಕಾದ ಆಯಿಲೆಲ್ಲ ಇಳಿದಿರುತ್ತದೆ, ಹೊಗೆಯಾಡುವ ಎಂಜಿನ್ನಿನ ಹತ್ತಿರ ಕೈ ಸುಡುವ ಭಯವಿಲ್ಲ, ಅಳತೆ ದಿನದಿಂದ ದಿನಕ್ಕೆ ಏರುಪೇರಾಗುವುದೂ ಕಡಿಮೆ. ಒಂದು ವ್ಯತ್ಯಾಸ ಗಮನದಲ್ಲಿರಲಿ. ಆಯಿಲ್ ಬಿಸಿಯಾದಂತೆ ಹಿಗ್ಗುತ್ತದೆ, ಪ್ರತಿ ಡಿಗ್ರಿಗೆ ಅಂದಾಜು ಶೇ 0.07ರಷ್ಟು. ಮೂರೂವರೆ ಲೀಟರ್ ಆಯಿಲ್ 30 ಡಿಗ್ರಿಯಿಂದ 90 ಡಿಗ್ರಿಗೆ ಹೋದರೆ ಸುಮಾರು 150 ಮಿ.ಲೀ. ಹೆಚ್ಚಾಗಿ ಕಾಣುತ್ತದೆ. ಮೇಲೆ ಉಳಿದ ಆಯಿಲ್ ಇದನ್ನು ಸ್ವಲ್ಪ ಸರಿದೂಗಿಸುತ್ತದೆ. ಹೀಗಾಗಿ ತಣ್ಣಗಿನ ಅಳತೆಯನ್ನು ತಣ್ಣಗಿನದರ ಜೊತೆ, ಬಿಸಿಯದನ್ನು ಬಿಸಿಯದರ ಜೊತೆ ಹೋಲಿಸಿದರೆ ಸಾಕು. ಆಯಿಲ್ ಸೇರಿಸಬೇಕೇ ಬೇಡವೇ ಎಂದು ನಿರ್ಧರಿಸುವಾಗ ಮಾತ್ರ ಕೈಪಿಡಿಯ ವಿಧಾನದಲ್ಲೇ ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಕೆಟ್ಟ ಅಳತೆ ಯಾವುದು ಗೊತ್ತೇ? ಬೆಳಿಗ್ಗೆ ಎಂಜಿನ್ ಹಚ್ಚಿ, ಇಳಿಜಾರಿನಿಂದ ಹತ್ತಡಿ ಸರಿಸಿ ಸಮತಟ್ಟಿಗೆ ತಂದು, ಆರಿಸಿದ ಕೂಡಲೇ ಡಿಪ್‌ಸ್ಟಿಕ್ ಎಳೆಯುವುದು. ತಣ್ಣಗಿನ ಮಂದ ಆಯಿಲನ್ನು ಪಂಪು ಮೇಲಕ್ಕೆ ಎತ್ತಿರುತ್ತದೆ, ಅದು ಕೆಳಗಿಳಿಯಲು ಬಹಳ ಹೊತ್ತು ಬೇಕು. ಕಡ್ಡಿ ಕಡಿಮೆ ತೋರಿಸುತ್ತದೆ, ಯಜಮಾನರು ಗಾಬರಿಯಾಗಿ ಅರ್ಧ ಲೀಟರ್ ಸುರಿಯುತ್ತಾರೆ. ಪೆಟ್ರೋಲ್ ಬಂಕಿಗೆ ಹೋದ ತಕ್ಷಣ ನೋಡಿಸಿದರೂ ಹೀಗೇ ಆಗುತ್ತದೆ. ಬಂಕಿನ ಹುಡುಗ ಸುಳ್ಳು ಹೇಳುತ್ತಿರುವುದಿಲ್ಲ, ಆಯಿಲ್ ಇನ್ನೂ ಮೇಲೇ ಇರುತ್ತದೆ. ಕಾರು ಸರಿಸಲೇಬೇಕಿದ್ದರೆ ಹಿಂದಿನ ರಾತ್ರಿಯೇ ಗುರುತು ಮಾಡಿದ ಜಾಗದಲ್ಲಿ ನಿಲ್ಲಿಸಿ ಮಲಗುವುದು ಜಾಣತನ.

ಇನ್ನು ಕೈಕೆಲಸಕ್ಕೆ ಇಳಿಯಬಹುದು. ಹ್ಯಾಂಡ್‌ಬ್ರೇಕ್ ಹಾಕಿ, ಇಗ್ನಿಷನ್ ಪೂರ್ತಿ ಆರಿಸಬೇಕು. ಸೆರಗು, ದುಪಟ್ಟಾ, ಸಡಿಲ ತೋಳುಗಳನ್ನು ಕಟ್ಟಿಕೊಳ್ಳಬೇಕು, ಏಕೆಂದರೆ ಬಿಸಿ ಎಂಜಿನ್ನಿನ ರೇಡಿಯೇಟರ್ ಫ್ಯಾನು ಎಂಜಿನ್ ಆರಿದ ಮೇಲೂ ತಾನಾಗಿ ತಿರುಗಬಹುದು. ಡಿಪ್‌ಸ್ಟಿಕ್ಕಿನ ಹಿಡಿ ಸಾಮಾನ್ಯವಾಗಿ ಹಳದಿ ಅಥವಾ ಕಿತ್ತಳೆ ಬಣ್ಣದ್ದು. ಕೆಲವು ಹಳೆಯ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಆಯಿಲಿಗೆ ಇನ್ನೊಂದು ಕಡ್ಡಿ ಇರುತ್ತದೆ, ಅದನ್ನು ನೋಡುವ ಕ್ರಮವೇ ಬೇರೆ. ಎರಡನ್ನೂ ಅದಲುಬದಲು ಮಾಡಿಕೊಂಡು ಗೇರ್‌ಬಾಕ್ಸಿನ ಕಡ್ಡಿ ನೋಡಿ ಎಂಜಿನ್ನಿಗೆ ಆಯಿಲ್ ಹಾಕಿಬಿಡುವುದು ದುಬಾರಿ ತಪ್ಪು.

ಮೊದಲ ಸಲ ಎಳೆದ ಡಿಪ್‌ಸ್ಟಿಕ್ ನೋಡಿ ಏನೂ ತೀರ್ಮಾನಿಸಬಾರದು. ಓಡುವಾಗ ಎರಚಿದ ಆಯಿಲ್ ಅದಕ್ಕೆ ಮೆತ್ತಿರುತ್ತದೆ. ಎಳೆ ಬಿಡದ ಬಟ್ಟೆಯಿಂದ ತುದಿಯವರೆಗೆ ಒರೆಸಬೇಕು. ಹಳೆಯ ಪಂಚೆಯ ತುಂಡು ಇದಕ್ಕೆ ಚೆನ್ನ. ಗ್ಯಾರೇಜಿನ ಬನಿಯನ್ ವೇಸ್ಟ್ ಎಳೆ ಬಿಡುತ್ತದೆ, ಆ ಎಳೆ ಒಳಗೆ ಹೋಗುವುದು ಬೇಡ. ಒರೆಸಿದ ಕಡ್ಡಿಯನ್ನು ಹಿಡಿ ಪೂರ್ತಿ ಕೂರುವವರೆಗೆ ಒತ್ತಬೇಕು. ಎರಡು ಮಿಲಿಮೀಟರ್ ಮೇಲೆ ನಿಂತರೂ ಅಳತೆ ಅಷ್ಟೇ ಕಡಿಮೆ ಬರುತ್ತದೆ. ಒಂದೆರಡು ಕ್ಷಣ ಬಿಟ್ಟು ನೇರವಾಗಿ, ಒಂದೇ ಓಟಕ್ಕೆ ಎಳೆದು, ಅಡ್ಡಲಾಗಿ ಹಿಡಿಯಬೇಕು. ತುದಿ ಮೇಲೆ ಮಾಡಿ ಹಿಡಿದರೆ ಆಯಿಲ್ ಹಿಡಿಯ ಕಡೆಗೆ ಹರಿದು ಮಟ್ಟ ಹೆಚ್ಚಿದ್ದಂತೆ ಕಾಣುತ್ತದೆ.

ಕಡ್ಡಿಯ ಎರಡೂ ಮುಖ ನೋಡಬೇಕು. ಬರುವಾಗ ಕೊಳವೆಯ ಗೋಡೆಗೆ ಉಜ್ಜಿ ಒಂದು ಮುಖದಲ್ಲಿ ಆಯಿಲ್ ಗೀರಾಗಿ ಮೇಲಕ್ಕೆ ಎಳೆದುಕೊಂಡಿರುತ್ತದೆ. ಇನ್ನೊಂದು ಮುಖದಲ್ಲಿ ಅಂಚು ಸ್ಪಷ್ಟವಾಗಿರುತ್ತದೆ. ಎರಡು ಬೇರೆಬೇರೆಯಾಗಿದ್ದರೆ ಕಡಿಮೆ ತೋರಿಸುವ ಮುಖವನ್ನೇ ನಂಬಬೇಕು. ಹೊಸ ಆಯಿಲ್ ಹಾಕಿದ ಮೊದಲ ವಾರಗಳಲ್ಲಿ ಅದು ತಿಳಿಯಾಗಿದ್ದು ಲೋಹದ ಮೇಲೆ ಕಾಣುವುದೇ ಇಲ್ಲ. ಆಗ ಡಿಪ್‌ಸ್ಟಿಕ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಹೊಳಪು ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು, ಇಲ್ಲವೇ ಬಿಳಿ ಟಿಶ್ಯೂ ಕಾಗದದ ಮೇಲೆ ಮಲಗಿಸಿದರೆ ತೊಯ್ದ ಭಾಗ ಅಚ್ಚಾಗಿ ಮೂಡುತ್ತದೆ. ಒರೆಸಿ ಮೂರು ಸಲ ಎಳೆದು, ಎರಡು ಸಲ ಒಂದೇ ಮಟ್ಟ ಬಂದರೆ ಅದನ್ನು ಬರೆದುಕೊಳ್ಳಬಹುದು.

ಬರೆಯುವಾಗ ಮುಕ್ಕಾಲು, ಅರ್ಧ ಎಂದು ಬರೆಯುವುದಕ್ಕಿಂತ ಮಿಲಿಮೀಟರಿನಲ್ಲಿ ಬರೆಯುವುದು ಎಷ್ಟೋ ಉತ್ತಮ. ಶಾಲೆಯ ಸ್ಕೇಲಿನಿಂದ ಕನಿಷ್ಠ–ಗರಿಷ್ಠ ಗೆರೆಗಳ ನಡುವಿನ ಅಂತರ ಒಮ್ಮೆ ಅಳೆದಿಡಿ. ಆ ಅಂತರ ಎಷ್ಟು ಆಯಿಲಿಗೆ ಸಮ ಎಂದು ಹಲವು ಕೈಪಿಡಿಗಳಲ್ಲಿರುತ್ತದೆ. ಬಹಳಷ್ಟು ಕಾರುಗಳಲ್ಲಿ ಅದು ಒಂದು ಲೀಟರಿನ ಆಸುಪಾಸು, ಸಣ್ಣ ಎಂಜಿನ್ನುಗಳಲ್ಲಿ ಕಡಿಮೆ. ಅಂತರ 20 ಮಿ.ಮೀ., ಆಯಿಲ್ 1 ಲೀಟರ್ ಆಗಿದ್ದರೆ ಒಂದು ಮಿಲಿಮೀಟರಿಗೆ 50 ಮಿ.ಲೀ. ಈಗ ಉದಾಹರಣೆಗೆ, 42,000 ಕಿ.ಮೀ.ನಲ್ಲಿ ಮಟ್ಟ ಕನಿಷ್ಠ ಗೆರೆಯಿಂದ 17 ಮಿ.ಮೀ. ಮೇಲಿತ್ತು, 44,000ದಲ್ಲಿ 12ಕ್ಕೆ ಇಳಿಯಿತು ಎಂದುಕೊಳ್ಳಿ. 5 ಮಿ.ಮೀ. ಅಂದರೆ 250 ಮಿ.ಲೀ., ಅಂದರೆ ಸಾವಿರ ಕಿಲೋಮೀಟರಿಗೆ 125 ಮಿ.ಲೀ. ಒಂದೇ ಸಾಲಿನ ಈ ಲೆಕ್ಕ ಮೆಕ್ಯಾನಿಕ್ಕಿಗೆ ಕಾರಿನ ಬಗ್ಗೆ ಮಾಲೀಕರು ಹೇಳಬಹುದಾದ ಅತ್ಯಂತ ಉಪಯುಕ್ತ ಮಾತು.

ಇಷ್ಟು ಕುಡಿಯುವುದು ಸಹಜವೇ? ಪ್ರತಿ ಎಂಜಿನ್ನೂ ಸ್ವಲ್ಪ ಆಯಿಲ್ ಸುಡುತ್ತದೆ. ಸಿಲಿಂಡರ್ ಗೋಡೆಗೆ ಅಂಟಿದ ತೆಳುಪದರ ಸ್ವಲ್ಪಸ್ವಲ್ಪವೇ ಉರಿದು ಹೋಗುತ್ತದೆ. ಕಂಪನಿಗಳು ಇಟ್ಟುಕೊಂಡಿರುವ ಮೇಲಿನ ಮಿತಿ ಓದಿದರೆ ಆಶ್ಚರ್ಯವಾಗುತ್ತದೆ: ಟೊಯೋಟಾ ಕೈಪಿಡಿಗಳಲ್ಲಿ ಸಾವಿರ ಕಿಲೋಮೀಟರಿಗೆ 1 ಲೀಟರ್, ಫೋಕ್ಸ್‌ವ್ಯಾಗನ್ ಕೈಪಿಡಿಗಳಲ್ಲಿ ಅರ್ಧ ಲೀಟರ್. 2015ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2010ರಿಂದ 2014ರ ಮಾದರಿಯ ಸುಮಾರು 5 ಲಕ್ಷ ವಾಹನಗಳ ಮಾಹಿತಿ ಕಲೆಹಾಕಿ, ಹೊಸ ಕಾರುಗಳೂ ಎರಡು ಸರ್ವಿಸುಗಳ ನಡುವೆ ಆಯಿಲ್ ಕೇಳುತ್ತವೆ ಎಂದು ತೋರಿಸಿತು. ಔಡಿ, ಬಿಎಂಡಬ್ಲ್ಯು, ಸುಬಾರುಗಳ ಕೆಲವು ಎಂಜಿನ್ನುಗಳು ಆ ಪಟ್ಟಿಯಲ್ಲಿ ಎದ್ದು ಕಂಡವು. ಹೊಸ ಕಾರಿಗೆ ಡಿಪ್‌ಸ್ಟಿಕ್ ನೋಡುವ ಅಗತ್ಯವಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಪ್ರಮಾಣಕ್ಕಿಂತ ಬದಲಾವಣೆಯನ್ನು ಗಮನಿಸಬೇಕು. ಎರಡು ವರ್ಷ ಸಾವಿರಕ್ಕೆ 50 ಮಿ.ಲೀ. ಕುಡಿದ ಕಾರು ಇದ್ದಕ್ಕಿದ್ದಂತೆ 200 ಕುಡಿದರೆ ಕಾರಣ ಹುಡುಕಬೇಕು. ಎಂಜಿನ್ ಹಚ್ಚಿದಾಗ ನೀಲಿ ಹೊಗೆ ಒಮ್ಮೆ ಬಂದು ನಿಂತರೆ ಅನುಮಾನ ವಾಲ್ವ್ ಸೀಲುಗಳ ಮೇಲೆ. ವೇಗ ಏರಿಸುವಾಗಲೂ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ ಮೇಲೆ. ಹೊಗೆಯೇ ಇಲ್ಲದೆ ಮಟ್ಟ ಇಳಿಯುತ್ತಿದ್ದರೆ ರಾತ್ರಿ ಕಾರಿನ ಕೆಳಗೆ ರಟ್ಟಿನ ತುಂಡು ಹಾಸಿ ಬೆಳಿಗ್ಗೆ ಕಲೆ ನೋಡಬೇಕು.

ಮಟ್ಟ ಇಳಿಯುವುದನ್ನು ಎಲ್ಲರೂ ಹೆದರಿಕೆಯಿಂದ ನೋಡುತ್ತಾರೆ. ಏರುವುದನ್ನು ಯಾರೂ ಗಮನಿಸುವುದಿಲ್ಲ, ಇನ್ನೂ ತುಂಬಿದೆ ಎಂದು ಸಂತೋಷಪಡುತ್ತಾರೆ. ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಹೆಚ್ಚಿದರೆ ಅದಕ್ಕೆ ಬೇರೇನೋ ಸೇರುತ್ತಿದೆ. 2018ರಲ್ಲಿ ಚೀನಾದ ಚಳಿ ಪ್ರದೇಶಗಳಲ್ಲಿ ಹೋಂಡಾದ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸಿಆರ್-ವಿ ಕಾರುಗಳಲ್ಲಿ ಮಟ್ಟ ಗರಿಷ್ಠ ಗೆರೆ ದಾಟಿ ಏರಿದ ದೂರುಗಳು ಬಂದವು. ಸಣ್ಣಸಣ್ಣ ಓಡಾಟಗಳಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ, ಉರಿಯದ ಪೆಟ್ರೋಲ್ ಗೋಡೆಗುಂಟ ಇಳಿದು ಆಯಿಲಿಗೆ ಸೇರುತ್ತಿತ್ತು. ಕಂಪನಿ ಅಲ್ಲಿ ಆ ಕಾರಿನ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಹೈದರಾಬಾದಿಗೆ ಅಂಥ ಚಳಿಯಿಲ್ಲ, ಆದರೆ ಡೀಸೆಲ್ ಕಾರಿನವರು ನಿಶ್ಚಿಂತರಾಗಿರುವಂತಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ದೇಶಕ್ಕೆಲ್ಲ ಅನ್ವಯವಾದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂದಿದೆ. ಅದು ತುಂಬಿದಾಗ ಆ ಮಸಿಯನ್ನು ಸುಡಬೇಕು. ಅದಕ್ಕೆಂದು ಹಲವು ಎಂಜಿನ್ನುಗಳು ಸಿಲಿಂಡರಿಗೆ ತಡವಾಗಿ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಮಲಕ್‌ಪೇಟೆಯಿಂದ ಎಲ್.ಬಿ. ನಗರದವರೆಗಿನ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಈ ಕೆಲಸ ಅರ್ಧಕ್ಕೆ ನಿಂತರೆ ಡೀಸೆಲಿನ ಒಂದು ಪಾಲು ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೇಲೆ ಮಟ್ಟ ಏರುತ್ತಾ ಹೋದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಸರ್ವಿಸಿನ ಅವಧಿ ಬರಲಿ ಎಂದು ಕಾಯಬಾರದು. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯುವುದಿಲ್ಲ. ಇಂಥ ಕಾರುಗಳಿಗೆ ಹೊರ ವರ್ತುಲ ರಸ್ತೆಯಲ್ಲಿ ಆಗಾಗ ಒಂದೇ ವೇಗದ ದೀರ್ಘ ಓಟ ಕೊಡುವುದರಿಂದ ಪ್ರಯೋಜನವಿದೆ.

ನೀರು ಸೇರುವುದು ಇದಕ್ಕಿಂತ ಭೀಕರ. 2020ರ ಅಕ್ಟೋಬರ್ 13–14ರ ಮಳೆಯನ್ನು ದಿಲ್‌ಸುಖ್‌ನಗರದ ಸುತ್ತಿನವರು ಮರೆತಿಲ್ಲ. ಸರೂರ್‌ನಗರ ಕೆರೆಯ ಕೆಳಗಿನ ಕಾಲೊನಿಗಳಿಗೆ ನೀರು ನುಗ್ಗಿತ್ತು. ಹಾಗೆ ಮುಳುಗಿದ ಕಾರಿನ ಮಾಲೀಕರು ನೀರು ಇಳಿದ ಮೇಲೆ ಮೊದಲು ಮಾಡುವ ಕೆಲಸ ಕೀಲಿ ತಿರುಗಿಸಿ ನೋಡುವುದು, ಮಾಡಲೇಬಾರದ ಕೆಲಸವೂ ಅದೇ. ಮೊದಲು ಎಳೆಯಬೇಕಾದ್ದು ಡಿಪ್‌ಸ್ಟಿಕ್. ನೀರು ಆಯಿಲಿಗಿಂತ ಭಾರ, ಚೇಂಬರಿನ ತಳಕ್ಕೆ ಇಳಿದು ಆಯಿಲನ್ನು ಮೇಲಕ್ಕೆತ್ತುತ್ತದೆ. ಹೀಗಾಗಿ ಮಟ್ಟ ಗರಿಷ್ಠ ಗೆರೆಗಿಂತ ಬಹಳ ಮೇಲಿರುತ್ತದೆ, ಕಡ್ಡಿಯ ತುದಿಯಲ್ಲಿ ನೀರಿನ ಮಣಿಗಳು ಕಾಣಬಹುದು. ಎಂಜಿನ್ ಒಮ್ಮೆ ತಿರುಗಿದ್ದರೆ ಎರಡೂ ಕಲೆತು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬಂದಿರುತ್ತದೆ. ಈ ಯಾವ ಲಕ್ಷಣ ಕಂಡರೂ ಬ್ಯಾಟರಿ ಕಳಚಿಸಿ, ಕಾರನ್ನು ಎತ್ತಿಸಿಕೊಂಡು ಹೋಗಬೇಕು. ಲಕ್ಷಣ ಕಾಣದಿದ್ದರೂ ನೀರು ಏರ್ ಫಿಲ್ಟರಿನ ಮಟ್ಟಕ್ಕೆ ಬಂದಿದ್ದರೆ ತಾನೇ ಹಚ್ಚುವ ಸಾಹಸ ಬೇಡ. ಪ್ರವಾಹವೇ ಇಲ್ಲದೆ ಡಿಪ್‌ಸ್ಟಿಕ್ ಮೇಲೆ ಅದೇ ಬಣ್ಣ ಬಂದರೆ ಕೂಲೆಂಟ್ ಸೋರಿ ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ತೆಳು ಕೆನೆ ಕಟ್ಟಿದ್ದು ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ, ಮಳೆಗಾಲದ ಸಣ್ಣ ಓಡಾಟದ ತೇವ ಇರಬಹುದು. ಒಂದು ಉದ್ದ ಓಟದ ನಂತರ ಅದು ಹೋಯಿತೇ ಎಂದು ನೋಡಿಕೊಳ್ಳಬೇಕು.

ಬಣ್ಣದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಮಸಿ ಹಿಡಿದು ಕಪ್ಪಾಗುತ್ತದೆ, ಅದು ಆಯಿಲ್ ತನ್ನ ಕೆಲಸ ಮಾಡುತ್ತಿರುವ ಗುರುತು. ಸಿಎನ್‌ಜಿ ಕಾರಿನಲ್ಲಿ ಮಸಿ ಕಡಿಮೆ, ಅವಧಿ ಮುಗಿದರೂ ಆಯಿಲ್ ಜೇನುಬಣ್ಣದಲ್ಲೇ ಇರಬಹುದು. ಬದಲಾಯಿಸುವ ದಿನವನ್ನು ಬಣ್ಣದಿಂದಲ್ಲ, ಕೈಪಿಡಿಯ ಕಿಲೋಮೀಟರ್–ತಿಂಗಳ ಲೆಕ್ಕದಿಂದ ತಿಳಿಯಬೇಕು. ಟ್ರಾಫಿಕ್, ಧೂಳು, ಸಣ್ಣ ಓಡಾಟಗಳಿಗೆ ಕೈಪಿಡಿಯಲ್ಲಿ ಬೇರೆ ಪಟ್ಟಿ ಇರುತ್ತದೆ. ನಗರದೊಳಗೇ ಓಡುವ ಕಾರಿಗೆ ಅನ್ವಯಿಸುವುದು ಆ ಪಟ್ಟಿ.

ಮಟ್ಟ ಕನಿಷ್ಠ ಗೆರೆಯ ಹತ್ತಿರ ಬಂದರೆ ಗಾಬರಿ ಬೇಡ, ಆಯಿಲ್ ಸೇರಿಸಿದರೆ ಆಯಿತು. ಗೆರೆಯ ಕೆಳಗಿದ್ದರೆ ಮಾತ್ರ ಓಡಿಸುವ ಮುಂಚೆಯೇ ಸೇರಿಸಬೇಕು, ಏಕೆಂದರೆ ಜೋರಾಗಿ ತಿರುಗಿಸಿದಾಗ, ಬ್ರೇಕ್ ಹಾಕಿದಾಗ ಇರುವ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಹೀರುತ್ತದೆ. ಡಿಪ್‌ಸ್ಟಿಕ್ ಒಣಗಿಯೇ ಬಂದರೆ ಎಂಜಿನ್ ಹಚ್ಚುವ ಮಾತೇ ಇಲ್ಲ. ಸೇರಿಸುವ ಆಯಿಲಿನ ದರ್ಜೆ ಕೈಪಿಡಿಯಲ್ಲಿದೆ, 0ಡಬ್ಲ್ಯು-20, 5ಡಬ್ಲ್ಯು-30 ಎಂಬಂತೆ. ಬಿಸಿಲು ಜಾಸ್ತಿ, ದಪ್ಪ ಆಯಿಲ್ ಹಾಕಿ ಎಂಬ ಸಲಹೆ ಹಳೆಯ ಕಾಲದ ಎಂಜಿನ್ನುಗಳಿಂದ ಬಂದದ್ದು. ಇಂದಿನ ಎಂಜಿನ್ನಿನ ಸಂದುಗಳು ತೆಳು ಆಯಿಲಿಗೇ ಲೆಕ್ಕ ಹಾಕಿದವು, ಆದ್ದರಿಂದ ಕೈಪಿಡಿ ಒಪ್ಪದ ದರ್ಜೆ ಬೇಡ. ಒಮ್ಮೆಗೆ 200–250 ಮಿ.ಲೀ. ಹಾಕಿ, ಕೆಲವು ನಿಮಿಷ ಬಿಟ್ಟು, ಮತ್ತೆ ನೋಡಿ ಮುಂದುವರಿಯಬೇಕು. ಗರಿಷ್ಠ ಗೆರೆಗೆ ಮುಟ್ಟಿಸಲೇಬೇಕೆಂಬ ಹಟ ಬೇಡ, ಮುಕ್ಕಾಲು ಸಾಕು. ಹೆಚ್ಚಾದರೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಯನ್ನು ಪಂಪು ಸರಿಯಾಗಿ ಒತ್ತಲಾರದು, ಸೀಲುಗಳಿಗೂ ಅದರಿಂದ ತೊಂದರೆ. ಒಂದೆರಡು ಮಿಲಿಮೀಟರ್ ದಾಟಿದ್ದರೆ ಆತಂಕವಿಲ್ಲ, ಅದಕ್ಕಿಂತ ಹೆಚ್ಚಾದರೆ ತೆಗೆಸಬೇಕು.

ಡಿಪ್‌ಸ್ಟಿಕ್ಕೇ ತಪ್ಪಾಗಿದ್ದರೆ? ಹಿಡಿ ಮುರಿದು ಬೇರೆ ಮಾದರಿಯ ಕಾರಿನದನ್ನು ಹಾಕಿಸಿಕೊಂಡ ಸೆಕೆಂಡ್‌ಹ್ಯಾಂಡ್ ಕಾರುಗಳಲ್ಲಿ ಈ ಅನುಮಾನ ನ್ಯಾಯವಾದದ್ದು. ಪರೀಕ್ಷೆಗೆ ಒಳ್ಳೆಯ ಹೊತ್ತು ಸರ್ವಿಸಿನ ಮರುದಿನ. ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿದಾಗ ಎಷ್ಟು ಹಾಕಬೇಕೆಂದು ಕೈಪಿಡಿಯಲ್ಲಿರುತ್ತದೆ. ಅಷ್ಟನ್ನೇ ಕಣ್ಣೆದುರು ಅಳೆದು ಹಾಕಿಸಿ, ಮನೆಗೆ ಬಂದು ಗುರುತಿನ ಜಾಗದಲ್ಲಿ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ನೋಡಿದ ಮಟ್ಟವೇ ಆ ಕಾರಿನ ನಿಜವಾದ ಭರ್ತಿ. ಅದು ಗರಿಷ್ಠ ಗೆರೆಯಿಂದ ಬಹಳ ದೂರವಿದ್ದರೆ ಸರಿಯಾದ ಡಿಪ್‌ಸ್ಟಿಕ್ ತರಿಸಬೇಕು. ಹೊಂದಿಕೊಂಡೇ ಬಂದರೂ ಆ ಮಿಲಿಮೀಟರ್ ಲೆಕ್ಕವನ್ನು ಅಳತೆ ಬರೆದಿಡುವ ಪುಸ್ತಕದ ಮೊದಲ ಸಾಲಿನಲ್ಲಿ ಬರೆಯುವುದು ಒಳ್ಳೆಯದು.

ಕೆಲವು ದುಬಾರಿ ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಪರದೆಯ ಮೇಲೆ ಮಟ್ಟ ನೋಡಬೇಕು. ಅಲ್ಲೂ ಸಮತಟ್ಟು ನೆಲ, ಬಿಸಿ ಎಂಜಿನ್ ಎಂಬ ಷರತ್ತುಗಳು ತಪ್ಪುವುದಿಲ್ಲ. ಹೈಬ್ರಿಡ್ ಕಾರಿನವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಎಂಜಿನ್ ಸದ್ದಿಲ್ಲ ಎಂದ ಮಾತ್ರಕ್ಕೆ ಅದು ಆರಿದೆ ಎಂದಲ್ಲ, ಕಾರು ಚಾಲೂ ಸ್ಥಿತಿಯಲ್ಲಿದ್ದರೆ ಎಂಜಿನ್ ಯಾವಾಗ ಬೇಕಾದರೂ ತಿರುಗಬಹುದು. ಪವರ್ ಪೂರ್ತಿ ಆರಿಸಿದ ಮೇಲೆಯೇ ಕೈ ಒಳಗೆ ಹೋಗಬೇಕು.

ಎಷ್ಟು ದಿನಕ್ಕೊಮ್ಮೆ? ಹಳೆಯ ಕಾರಿಗೆ ಹದಿನೈದು ದಿನ, ಹೊಸದಕ್ಕೆ ತಿಂಗಳು, ದೂರದ ಪಯಣಕ್ಕೆ ಮುಂಚೆ ತಪ್ಪದೆ. ಸಂಕ್ರಾಂತಿಗೆ ವಿಜಯವಾಡದ ಕಡೆ ಹೊರಟು ಪಂತಂಗಿ ಟೋಲ್‌ಗೇಟಿನ ಸಾಲಿನಲ್ಲಿ ಸಿಕ್ಕಿಕೊಳ್ಳುವವರಾಗಲಿ, ಯುಗಾದಿಗೆ ಬೀದರ್ ಹಾದಿ ಹಿಡಿಯುವವರಾಗಲಿ, ಹೊರಡುವ ಹಿಂದಿನ ದಿನವೇ ನೋಡಿಟ್ಟುಕೊಂಡರೆ ಬೇಕಾದ ದರ್ಜೆಯ ಆಯಿಲ್ ತರಲು ಸಮಯವಿರುತ್ತದೆ. ಅದೇ ಆಯಿಲಿನ ಒಂದು ಲೀಟರ್ ಡಬ್ಬಿ, ಚಿಕ್ಕ ಆಲಿಕೆ, ಬಟ್ಟೆಯ ತುಂಡು ಡಿಕ್ಕಿಯಲ್ಲಿರಲಿ. ತೆರೆದ ಡಬ್ಬಿಯ ಮುಚ್ಚಳ ಬಿಗಿಯಾಗಿದ್ದು ಧೂಳು, ನೀರು ತಾಗದಿದ್ದರೆ ಮುಂದಿನ ಸಲಕ್ಕೂ ಬಳಸಬಹುದು, ತೆರೆದ ತಾರೀಖನ್ನು ಡಬ್ಬಿಯ ಮೇಲೆ ಬರೆಯಬೇಕು. ಒರೆಸಿದ ಬಟ್ಟೆಯನ್ನೂ, ಹೆಚ್ಚಾಯಿತೆಂದು ತೆಗೆದ ಆಯಿಲನ್ನೂ ಮೋರಿಗೆ ಬಿಡಬಾರದು. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಮೋರಿಗೆ ಬಿಟ್ಟದ್ದು ಕೆರೆಗೇ ಸೇರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಮುಂದಿನ ಸರ್ವಿಸಿನ ದಿನ, ಹಳೆಯ ಆಯಿಲನ್ನು ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಅಳತೆಯ ಪುಸ್ತಕದ ಜೊತೆಗೇ ಕೊಟ್ಟುಬಿಡಬಹುದು.